ಕಡಿಮೆ ಖರ್ಚಿನಲ್ಲಿ ಗಟ್ಟಿ ಚಕ್ರ: ಸೈಕಲ್‌ಗೆ ರಿಮ್ಮು, ಕಡ್ಡಿ ಆರಿಸೋದು ಹೇಗೆ?

(ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರ ಅಲ್ಲ. ಹಾವೇರಿ ಜಿಲ್ಲೆಯವನು, ಸರ್ಕಾರಿ ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಓದಿ ಸರ್ಟಿಫಿಕೇಟ್ ತಗೊಂಡು ಇಲ್ಲಿಗೆ ಬಂದವನು. ಮೊದಲು ದುಬೈ, ಈಗ ಅಬುಧಾಬಿಯ ಮುಸಫ್ಫಾ. ಕಾರ್ಯದರ್ಶಿಗಳು ಫೋನ್ ಮಾಡಿ, "ನಿಮ್ಮ ಕ್ಯಾಂಪಿನಲ್ಲಿ ಎಲ್ಲರ ಸೈಕಲ್ ಚಕ್ರ ನೀವೇ ಕಟ್ಟಿಕೊಡ್ತೀರಂತೆ, ಅದನ್ನೇ ಹೇಳಿ" ಅಂದ್ರು. ಕರೆಂಟಿನ ವಿಷಯ ಹೇಳು ಅಂದಿದ್ರೆ ಇಷ್ಟು ಖುಷಿ ಆಗ್ತಿರಲಿಲ್ಲ. ಯಾಕಂದ್ರೆ ಕರೆಂಟಿನ ಕೆಲಸಕ್ಕೆ ಸಂಬಳ ಬರುತ್ತೆ, ಇದು ಭಾನುವಾರದ ಕೆಲಸ.

ಈ ದೇಶದಲ್ಲಿ ಸೈಕಲ್ ಅಂದ್ರೆ ಎರಡು ಲೋಕ. ಒಂದು, ಅಲ್ ಕುದ್ರಾ ಟ್ರ್ಯಾಕಿನಲ್ಲಿ, ಅಲ್ ವತ್ಬಾದಲ್ಲಿ ಬೆಳಗಿನ ಜಾವ ಸೊಂಯ್ ಅಂತ ಹೋಗೋ ಕಾರ್ಬನ್ ಸೈಕಲ್‌ಗಳ ಲೋಕ. 2019ರಿಂದ ಇಲ್ಲಿ ಯುಎಇ ಟೂರ್ ರೇಸ್ ನಡೀತಿದೆ. ಈ ದೇಶದ ಹೆಸರಿನ ತಂಡದ ಪೊಗಾಚಾರ್ 2020, 2021, 2024ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದಿದ್ದಾನೆ. ಸಂತೋಷ. ಇನ್ನೊಂದು ನಮ್ಮ ಲೋಕ. ಗ್ರೋಸರಿಯಿಂದ ನೀರಿನ ಕ್ಯಾನ್ ಹೊತ್ತು ಹೋಗೋ ಹುಡುಗ, ಹ್ಯಾಂಡಲ್‌ಗೆ ಬಕೆಟ್ ಕಟ್ಟಿಕೊಂಡು ಕಾರು ತೊಳೆಯೋಕೆ ಹೋಗೋನು, ಕ್ಯಾಂಪಿನಿಂದ ಬಸ್ ನಿಲ್ಲೋ ಜಾಗಕ್ಕೆ ಬೆಳಗ್ಗೆ ನಾಲ್ಕೂವರೆಗೆ ಪೆಡಲ್ ತುಳಿಯೋನು. ನಾನು ಮಾತಾಡೋದು ಈ ಎರಡನೇ ಲೋಕದ ಚಕ್ರದ ಬಗ್ಗೆ.

ಯಾಕೆ ಇಷ್ಟು ತಲೆ ಕೆಡಿಸ್ಕೋಬೇಕು ಅಂತ ಕೇಳಬಹುದು. ಹೋದ ವರ್ಷ ನಮ್ಮ ಬ್ಲಾಕಿನ ಒಬ್ಬ ಹುಡುಗನ ಸೈಕಲ್, ಮುಂದಿನ ಚಕ್ರದಲ್ಲಿ ನಾಲ್ಕು ಕಡ್ಡಿ ಇರಲಿಲ್ಲ, ಉಳಿದವು ಸಡಿಲ. ರೌಂಡಬೌಟಿನಲ್ಲಿ ತಿರುಗುವಾಗ ಚಕ್ರ ಹಪ್ಪಳದ ಹಾಗೆ ಮಡಚಿಕೊಂಡಿತು. ಹಿಂದೆ ಲಾರಿ ಇರಲಿಲ್ಲ, ಅದು ಅವನ ಪುಣ್ಯ. ಆದ್ರೆ ಬಲಗೈ ಮಣಿಕಟ್ಟು ಮುರೀತು. ಅವನು ಟೈಲ್ಸ್ ಕೆಲಸದವನು. ಆರು ವಾರ ಪ್ಲಾಸ್ಟರ್, ಓವರ್‌ಟೈಮ್ ಇಲ್ಲ, ಊರಲ್ಲಿ ಅಕ್ಕನ ಮದುವೆ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ನಮ್ಮಂಥವರಿಗೆ ಕೈ ಅಂದ್ರೆ ಬರೀ ಕೈ ಅಲ್ಲ, ಅದೇ ನಮ್ಮ ಬ್ಯಾಂಕು. ಅದಕ್ಕೇ ಈ ಮಾತು.

ಚಕ್ರ ಭಾರ ಹೊರೋದು ಹೇಗೆ?

ನಮ್ಮ ಕಡೆ ಚಕ್ಕಡಿ ಗಾಲಿ ನೋಡಿದೀರಲ್ಲ? ಮರದ ಅರಗಳು ದಪ್ಪ ಇರ್ತವೆ. ಗಾಡಿ ಭಾರ ಗುಂಬದಿಂದ ಕೆಳಗಿನ ಅರದ ಮೇಲೆ ಕೂರುತ್ತೆ, ಕಂಬದ ಮೇಲೆ ಮಾಳಿಗೆ ಕೂತ ಹಾಗೆ. ಸೈಕಲ್ ಕಡ್ಡಿ ಹಾಗಲ್ಲ. 2 ಮಿಲಿಮೀಟರ್ ತಂತಿ ಅದು, ತುದಿಯಿಂದ ಒತ್ತಿದ್ರೆ ಬಗ್ಗಿಬಿಡುತ್ತೆ. ಅದಕ್ಕೆ ಬರೋದು ಎಳೆಯೋದು ಮಾತ್ರ. ಎಲ್ಲ ಕಡ್ಡಿಗಳನ್ನೂ ಮೊದಲೇ ಜೋರಾಗಿ ಎಳೆದು ಕಟ್ಟಿರ್ತೀವಿ. ನಾವು ಕೂತಾಗ ನೆಲದ ಹತ್ತಿರ ಇರೋ ಕಡ್ಡಿಗಳ ಎಳೆತ ಸ್ವಲ್ಪ ಕಮ್ಮಿ ಆಗುತ್ತೆ, ಅಷ್ಟೇ. ಪೂರ್ತಿ ಸಡಿಲ ಆಗದಷ್ಟು ಎಳೆತ ಉಳಿದಿರೋ ತನಕ ಚಕ್ರ ಗಟ್ಟಿ.

ದುಬೈಯ ಬ್ಲೂವಾಟರ್ಸ್‌ನಲ್ಲಿರೋ ಐನ್ ದುಬೈ ಚಕ್ರ ನೋಡಿ. 250 ಮೀಟರ್ ಎತ್ತರ. ಅದರ ನಡುವಿನ ಗುಂಬವನ್ನೂ ಸುತ್ತಿನ ರಿಮ್ಮನ್ನೂ ಹಿಡಿದಿರೋದು ಕೇಬಲ್‌ಗಳು. ನಮ್ಮ ಸೈಕಲ್ ಕಡ್ಡಿಯದೇ ಲೆಕ್ಕ. ಕಡ್ಡಿಗಳನ್ನು ಹೀಗೆ ಓರೆಯಾಗಿ, ಒಂದರ ಮೇಲೊಂದು ಹಾಯಿಸಿ ಕಟ್ಟೋ ಪದ್ಧತಿಗೆ 1874ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ ಪೇಟೆಂಟ್ ತಗೊಂಡಿದ್ದ. 150 ವರ್ಷ ಆಯ್ತು, ಇನ್ನೂ ಅದೇ ನಡೀತಿದೆ.

ಇದರಿಂದ ಒಂದು ಮಾತು ಗಟ್ಟಿಯಾಗಿ ಮನಸ್ಸಲ್ಲಿಡಿ. ಕಡ್ಡಿ ಮುರಿಯೋದು ಬಿಗಿ ಜಾಸ್ತಿ ಆಗಿ ಅಲ್ಲ, ಬಹುಪಾಲು ಸಡಿಲ ಆಗಿ. ಸಡಿಲ ಕಡ್ಡಿ ಪ್ರತಿ ಸುತ್ತಿಗೂ ಒಮ್ಮೆ ಬಿಟ್ಟು ಒಮ್ಮೆ ಹಿಡಿಯುತ್ತೆ. ತಂತಿಯನ್ನ ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಕತ್ತರಿಸ್ತೀವಲ್ಲ, ಹಾಗೆ. 26 ಇಂಚಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 480 ಸುತ್ತು ಸುತ್ತುತ್ತೆ. ದಿನಕ್ಕೆ 10 ಕಿಲೋಮೀಟರ್, ತಿಂಗಳಿಗೆ 26 ದಿನ ಅಂದ್ರೆ ಸುಮಾರು 1 ಲಕ್ಷ 25 ಸಾವಿರ ಸಲ. ಯಾವ ತಂತಿ ತಡಿಯುತ್ತೆ? ಅದಕ್ಕೇ ಕಡ್ಡಿ ಹೆಚ್ಚಾಗಿ ಮುರಿಯೋದು ಗುಂಬದ ಹತ್ತಿರ, ತಲೆ ಬಗ್ಗಿರೋ ಮೊಣಕೈಯಲ್ಲಿ.

ಮೊದಲು ಯಾವುದು ಕೆಟ್ಟಿದೆ ನೋಡಿ

ಚಕ್ರ ಎಂಟು ಬಿದ್ದ ತಕ್ಷಣ ಅಂಗಡಿಗೆ ಓಡಿ ರೆಡಿ ಚಕ್ರ ತರಬೇಡಿ. ಕರೆಂಟ್ ಹೋದಾಗ ನಾವು ಇಡೀ ಡಿಬಿ ಬದಲಾಯಿಸ್ತೀವಾ? ಯಾವ ಸರ್ಕ್ಯೂಟು ಅಂತ ಹುಡುಕ್ತೀವಿ. ಇಲ್ಲೂ ಮೂರು ಭಾಗ: ಗುಂಬ, ರಿಮ್ಮು, ಕಡ್ಡಿ.

ಗುಂಬ ಹಿಡಿದು ಅಲ್ಲಾಡಿಸಿ. ಗೋಲಿ, ಕೋನು ಸವೆದಿದ್ರೆ, ಕಡ್ಡಿ ತೂತುಗಳು ಉದ್ದ ಆಗಿ ಸೀಳಿದ್ರೆ ಆ ಗುಂಬದ ಮೇಲೆ ದುಡ್ಡು ಹಾಕಬೇಡಿ. ಆಗ ಮಾತ್ರ ರೆಡಿ ಚಕ್ರವೇ ಲಾಭ.

ಗುಂಬ ಚೆನ್ನಾಗಿದೆ, ಕಡ್ಡಿಗಳೂ ತುಕ್ಕಿಲ್ಲದೆ ಚೆನ್ನಾಗಿವೆ, ಗುಂಡಿಗೆ ಬಿದ್ದು ರಿಮ್ಮು ಮಾತ್ರ ಬಗ್ಗಿದೆ ಅಂದ್ರೆ ಇದು ಎಲ್ಲಕ್ಕಿಂತ ಅಗ್ಗದ ಕೆಲಸ. ಅದೇ ಅಳತೆಯ ಹೊಸ ರಿಮ್ಮು ತಂದು, ಹಳೆ ರಿಮ್ಮಿನ ಪಕ್ಕಕ್ಕೆ ವಾಲ್ವ್ ತೂತಿಗೆ ವಾಲ್ವ್ ತೂತು ಸರಿಯಾಗಿ ಹೊಂದಿಸಿ, ಇನ್ಸುಲೇಷನ್ ಟೇಪ್ ಸುತ್ತಿ ಕಟ್ಟಿ. ನಿಪ್ಪಲ್ ಎಲ್ಲ ಸಡಿಲ ಮಾಡಿ, ಒಂದೊಂದೇ ಕಡ್ಡಿ ಬಿಚ್ಚಿ ಪಕ್ಕದ ತೂತಿಗೆ ದಾಟಿಸ್ತಾ ಹೋಗಿ. ಹೆಣಿಗೆ ಕೆಡೋದೇ ಇಲ್ಲ. ಹೆಣೆಯೋಕೆ ಬಾರದವರೂ ಇದನ್ನ ಮಾಡಬಹುದು.

ರಿಮ್ಮು ಸರಿ ಇದೆ, ಆದ್ರೆ ವಾರಕ್ಕೊಂದು ಕಡ್ಡಿ ಮುರೀತಿದೆ ಅಂದ್ರೆ, ಒಂದೊಂದೇ ಹಾಕಿ ತೇಪೆ ಹಚ್ಚಬೇಡಿ. ಮೂರು ಮುರಿದ ಮೇಲೆ ಉಳಿದವೂ ಅಷ್ಟೇ ದಣಿದಿರ್ತವೆ. ಎಲ್ಲ ಕಡ್ಡಿ ಬದಲಾಯಿಸಿ.

ರಿಮ್ಮು ಆರಿಸುವಾಗ

ಮೊದಲು ಅಳತೆ. "26 ಇಂಚು ಕೊಡಿ" ಅಂದ್ರೆ ಸಾಲದು. ಟೈರಿನ ಬದಿಯಲ್ಲಿ ಸಣ್ಣಗೆ ಮೂರಂಕಿ ಸಂಖ್ಯೆ ಇರುತ್ತೆ, ಅದನ್ನ ಓದಿ. 26×1.75, 26×1.95 ಅಂತಿರೋ ಗೇರ್ ಸೈಕಲ್ ಟೈರು 559. 26×1 3/8 ಅಂತಿರೋದು 590. ಎರಡಕ್ಕೂ 26 ಅಂತಾನೇ ಹೆಸರು, ವ್ಯತ್ಯಾಸ 31 ಮಿಲಿಮೀಟರ್. ಒಂದರ ಟೈರು ಇನ್ನೊಂದಕ್ಕೆ ಕೂರಲ್ಲ. ಊರಿನ ದೊಡ್ಡ 28×1 1/2 ಸೈಕಲ್ಲು 635, 700ಸಿ ಅನ್ನೋದು 622, ಮಡಚೋ ಸೈಕಲ್‌ನ 20×1.75 ಅಂದ್ರೆ 406.

ಎರಡನೇದು ತೂತಿನ ಲೆಕ್ಕ. ಗುಂಬಕ್ಕೆ 36 ತೂತಿದ್ರೆ ರಿಮ್ಮಿಗೂ 36 ಇರಬೇಕು. ಇಲ್ಲಿ ನಮ್ಮವರು ಓಡಿಸೋ ಅಗ್ಗದ ಸೈಕಲ್‌ಗಳಲ್ಲಿ 36 ಹೆಚ್ಚು. ಊರಿನ ಹಳೆ ಕರಿ ಸೈಕಲ್‌ಗೆ ಮುಂದೆ 32, ಹಿಂದೆ 40. ಭಾರ ಹಿಂದೆ ಜಾಸ್ತಿ ಅಂತ ಹಿರಿಯರು ಹಾಗೆ ಇಟ್ಟಿದ್ರು.

ಮೂರನೇದು ಸ್ಟೀಲಾ, ಅಲಾಯಾ? ಸಿಂಗಲ್ ವಾಲಾ, ಡಬಲ್ ವಾಲಾ? ಸಮುದ್ರದ ಉಪ್ಪು ಗಾಳಿ, ಬೇಸಿಗೆಯ ಹ್ಯೂಮಿಡಿಟಿ ನಿಮಗೆ ಗೊತ್ತಿದೆ. ಸ್ಟೀಲ್ ರಿಮ್ಮಿನ ಕ್ರೋಮ್ ಒಮ್ಮೆ ಎದ್ದರೆ ಕಡ್ಡಿ ತೂತಿನ ಸುತ್ತ ತುಕ್ಕು ಶುರು. ಒದ್ದೆಯಾದಾಗ ಬ್ರೇಕೂ ಸರಿಯಾಗಿ ಹಿಡಿಯಲ್ಲ. ಅಲಾಯ್ ಹಗುರ, ತುಕ್ಕಿಲ್ಲ, ಬ್ರೇಕ್ ಚೆನ್ನಾಗಿ ಹಿಡಿಯುತ್ತೆ. ಅದರಲ್ಲಿ ಡಬಲ್ ವಾಲ್ ಅಂದ್ರೆ ಒಳಗೆ ಇನ್ನೊಂದು ಗೋಡೆ ಇರುತ್ತೆ, ನಮ್ಮ ಚೌಕ ಪೈಪಿನ ಹಾಗೆ. ತಗಡನ್ನ ಬಗ್ಗಿಸೋದು ಸುಲಭ, ಪೈಪನ್ನ ಬಗ್ಗಿಸೋದು ಕಷ್ಟ ಅಲ್ವಾ? ಟೈರ್ ಕೂರೋ ಕಡೆಯಿಂದ ನೋಡಿ. ನಿಪ್ಪಲ್ ತಲೆ ಆಳದ ತೂತಿನೊಳಗೆ ಕೂರೋ ಹಾಗಿದ್ರೆ ಡಬಲ್ ವಾಲ್, ಮೇಲೇ ಕಾಣೋ ಹಾಗಿದ್ರೆ ಸಿಂಗಲ್. ದುಡ್ಡು ಎಲ್ಲಾದ್ರೂ ಒಂದು ಕಡೆ ಜಾಸ್ತಿ ಹಾಕೋದಾದ್ರೆ ಹಿಂದಿನ ಚಕ್ರದ ಡಬಲ್ ವಾಲ್ ರಿಮ್ಮಿಗೆ ಹಾಕಿ.

ಹಳೆ ರಿಮ್ಮು ತಗೊಳ್ಳೋರು ಮೂರು ಪರೀಕ್ಷೆ ಮಾಡಿ. ಸಪಾಟು ಟೈಲ್ಸ್ ನೆಲದ ಮೇಲೆ ಮಲಗಿಸಿ ಒತ್ತಿ, 3 ಮಿಲಿಮೀಟರಿಗಿಂತ ಜಾಸ್ತಿ ಕುಣಿದ್ರೆ ಬೇಡ. ಕಡ್ಡಿ ತೂತಿನ ಸುತ್ತ ಕೂದಲೆಳೆ ಬಿರುಕು ಇದ್ರೆ ಬೇಡ. ಬ್ರೇಕ್ ಉಜ್ಜೋ ಬದಿಗೆ ಸ್ಕೇಲ್ ಇಟ್ಟು ನೋಡಿ, ಮಧ್ಯೆ ತಗ್ಗು ಬಿದ್ದಿದ್ರೆ ಬೇಡ. ಇಲ್ಲಿಯ ಮರಳು ಬ್ರೇಕ್ ಕಟ್ಟೆಗೆ ಸಿಕ್ಕಿ ಉಪ್ಪುಕಾಗದದ ಹಾಗೆ ರಿಮ್ಮನ್ನ ಸವೆಸುತ್ತೆ. ಸವೆದ ಗೋಡೆ ಗಾಳಿ ತುಂಬಿದ ಟೈರಿನ ಒತ್ತಡಕ್ಕೆ ಒಂದು ದಿನ ಸೀಳಿಬಿಡುತ್ತೆ.

ಕಡ್ಡಿ ಆರಿಸುವಾಗ

ಸಾಮಾನ್ಯ ಕಡ್ಡಿ 14 ಗೇಜ್, ಅಂದ್ರೆ 2 ಮಿಲಿಮೀಟರ್. ನಮಗೆ ಅದೇ ಸಾಕು. ಭಾರ ಹೊರೋ ಡೆಲಿವರಿ ಸೈಕಲ್‌ಗೆ 13 ಅಥವಾ 12 ಗೇಜ್ ಹಾಕ್ತಾರೆ, ಆದ್ರೆ ಅದಕ್ಕೆ ಗುಂಬದ ತೂತು, ರಿಮ್ಮಿನ ತೂತು, ನಿಪ್ಪಲ್ ಎಲ್ಲ ಅದೇ ಗೇಜಿಗೆ ಹೊಂದಬೇಕು. ಗೇಜ್ ಸಂಖ್ಯೆ ಕಮ್ಮಿ ಆದಷ್ಟೂ ತಂತಿ ದಪ್ಪ, ಇದು ವೈರ್ ಕೆಲಸ ಮಾಡೋರಿಗೆ ಹೇಳಬೇಕಿಲ್ಲ.

ಲೋಹ ಯಾವುದು? ಸತುವಿನ ಲೇಪದ ಕಡ್ಡಿ ಅಗ್ಗ, ಆದ್ರೆ ಕ್ಯಾಂಪಿನ ಬೇಲಿಗೆ ಬೀಗ ಹಾಕಿ ಹೊರಗೇ ನಿಲ್ಲೋ ಸೈಕಲ್‌ನಲ್ಲಿ ಬೇಗ ಮಂಕಾಗಿ ತುಕ್ಕು ಹಿಡಿಯುತ್ತೆ. ಸ್ಟೇನ್‌ಲೆಸ್ ಸ್ವಲ್ಪ ದುಬಾರಿ, ಬಾಳಿಕೆ ಜಾಸ್ತಿ. ಅಂಗಡಿಗೆ ಚಿಕ್ಕ ಮ್ಯಾಗ್ನೆಟ್ ಒಯ್ಯಿರಿ. ಪಟ್ ಅಂತ ಜೋರಾಗಿ ಹಿಡಿದ್ರೆ ಸಾದಾ ಸ್ಟೀಲ್. ಸ್ಟೇನ್‌ಲೆಸ್ ಕಡ್ಡಿಯನ್ನೂ ಎಳೆದು ತಯಾರು ಮಾಡಿರೋದ್ರಿಂದ ಸ್ವಲ್ಪ ಹಿಡಿಯಬಹುದು, ಆದ್ರೆ ನಿಧಾನಕ್ಕೆ ಹಿಡಿಯುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಗೊತ್ತಾಗುತ್ತೆ. ನಿಪ್ಪಲ್ ಹಿತ್ತಾಳೆಯದೇ ಇರಲಿ. ಅಲ್ಯೂಮಿನಿಯಂ ನಿಪ್ಪಲ್ ಉಪ್ಪಿನ ಗಾಳಿಯಲ್ಲಿ ಕಚ್ಚಿಕೊಂಡು, ತಿರುಗಿಸುವಾಗ ಒಡೆಯುತ್ತೆ.

ಎಷ್ಟು ಕ್ರಾಸ್?

ಒಂದು ಕಡ್ಡಿ ಗುಂಬದಿಂದ ರಿಮ್ಮಿಗೆ ಹೋಗುವಾಗ ಅದೇ ಕಡೆಯ ಎಷ್ಟು ಕಡ್ಡಿಗಳನ್ನ ಹಾಯ್ದು ಹೋಗುತ್ತೆ, ಅಷ್ಟು ಕ್ರಾಸ್. ನೇರ ಹೋದ್ರೆ ಅದು ಕಿರಣದ ಹೆಣಿಗೆ. ನೋಡೋಕೆ ಚಂದ, ಕಡ್ಡಿಯೂ ಗಿಡ್ಡ. ಆದ್ರೆ ಹಿಂದಿನ ಚಕ್ರಕ್ಕೆ ಬೇಡವೇ ಬೇಡ. ಪೆಡಲ್ ತುಳಿದಾಗ ಗುಂಬ ತಿರುಗಿ ರಿಮ್ಮನ್ನ ಎಳೀಬೇಕು. ಬಾವಿ ರಾಟೆಗೆ ಹಗ್ಗ ಸುತ್ತಿನಿಂದ ಹೊರಡುತ್ತಲ್ಲ, ಹಾಗೆ ಕಡ್ಡಿ ಗುಂಬದ ಅಂಚಿನಿಂದ ಓರೆಯಾಗಿ ಹೊರಟರೇ ಆ ಎಳೆತ ದಾಟೋದು. ಮುಂದಿನ ಚಕ್ರಕ್ಕೂ ಅಗ್ಗದ ಗುಂಬದಲ್ಲಿ ಕಿರಣದ ಹೆಣಿಗೆ ಬೇಡ. ಕಡ್ಡಿ ನೇರ ಹೊರಕ್ಕೆ ಎಳೆದು ತೂತಿನ ಅಂಚು ಸೀಳುತ್ತೆ. ಡಿಸ್ಕ್ ಬ್ರೇಕ್ ಇದ್ರೆ ಮುಂದೆಯೂ ಕ್ರಾಸ್ ಕಡ್ಡಾಯ.

36 ತೂತಿಗೆ, 32 ತೂತಿಗೆ 3 ಕ್ರಾಸ್. ಊರಿನ 40 ತೂತಿನ ಹಿಂದಿನ ಚಕ್ರಕ್ಕೆ 4 ಕ್ರಾಸ್. 20 ಇಂಚಿನ ಸಣ್ಣ ಚಕ್ರಕ್ಕೆ 2 ಕ್ರಾಸ್ ಸಾಕು, ಅಲ್ಲಿ 3 ಹಾಕಿದ್ರೆ ಕಡ್ಡಿ ರಿಮ್ಮಿಗೆ ತುಂಬ ಓರೆಯಾಗಿ ಕೂತು ನಿಪ್ಪಲ್ ಹತ್ತಿರ ಬಗ್ಗುತ್ತೆ.

ಕ್ರಾಸ್ ಬದಲಾದ್ರೆ ಉದ್ದವೂ ಬದಲಾಗುತ್ತೆ. ನಾನು ಕಟ್ಟಿದ ಒಂದು 26 ಇಂಚಿನ ಚಕ್ರದ ಲೆಕ್ಕ ಹೇಳ್ತೀನಿ, ಬೇಕಾದವರು ಮೊಬೈಲಿನಲ್ಲಿ ಮಾಡಿ ನೋಡಿ. ರಿಮ್ಮಿನಲ್ಲಿ ನಿಪ್ಪಲ್ ಕೂರೋ ಜಾಗದಿಂದ ಎದುರಿನ ನಿಪ್ಪಲ್ ಜಾಗಕ್ಕೆ 540 ಮಿಲಿಮೀಟರ್, ಅರ್ಧ 270. ಗುಂಬದ ತೂತುಗಳ ಸುತ್ತಿನ ಅಡ್ಡಳತೆ 45, ಅರ್ಧ 22.5. ಗುಂಬದ ನಡುವಿನಿಂದ ಎಡ ತಟ್ಟೆಗೆ 35. 36 ಕಡ್ಡಿ, 3 ಕ್ರಾಸ್ ಅಂದ್ರೆ ಕೋನ 60 ಡಿಗ್ರಿ. 270ರ ವರ್ಗ, 22.5ರ ವರ್ಗ, 35ರ ವರ್ಗ ಕೂಡಿಸಿ. ಅದರಿಂದ 2×270×22.5×ಕಾಸ್ 60 ಕಳೆಯಿರಿ. ವರ್ಗಮೂಲ ತೆಗೆದು ತೂತಿನ ಅರ್ಧ, 1.2, ಕಳೆಯಿರಿ. 260.6 ಬರುತ್ತೆ. ಬಲಗಡೆ ಫ್ರೀವೀಲ್ ಇರೋದ್ರಿಂದ ತಟ್ಟೆ ನಡುವಿಗೆ ಹತ್ತಿರ, 21 ಮಾತ್ರ. ಅಲ್ಲಿ 259.1. ಅದೇ ಚಕ್ರವನ್ನ 2 ಕ್ರಾಸ್ ಹಾಕಿದ್ರೆ ಎಡಗಡೆ 254.4. ಅಂದ್ರೆ 6 ಮಿಲಿಮೀಟರ್ ಗಿಡ್ಡ. ಅದಕ್ಕೇ ಕ್ರಾಸ್ ಯಾವುದು ಅಂತ ತೀರ್ಮಾನ ಮಾಡದೆ ಕಡ್ಡಿ ಕೊಳ್ಳಬೇಡಿ.

ರಿಮ್ಮಿನ ಒಳ ಅಳತೆ ತಗೊಳ್ಳೋದು ಸುಲಭ. ಎರಡು ಹಳೆ ಕಡ್ಡಿಗಳನ್ನ ನಿಪ್ಪಲ್ ಸಮೇತ ಸರಿಯಾಗಿ 200 ಮಿಲಿಮೀಟರಿಗೆ ಕತ್ತರಿಸಿ. ಎದುರು ಬದುರು ತೂತಿಗೆ ಹಾಕಿ ಎಳೆದು ಹಿಡಿದು, ನಡುವಿನ ಖಾಲಿ ಜಾಗ ಅಳೆಯಿರಿ. 140 ಬಂದ್ರೆ 200, 200, 140 ಸೇರಿ 540. ಹೊಸ ಕಡ್ಡಿ ಉದ್ದ ಆದ್ರೆ ನಿಪ್ಪಲ್ ದಾಟಿ ಟ್ಯೂಬಿಗೆ ಚುಚ್ಚುತ್ತೆ, ಗಿಡ್ಡ ಆದ್ರೆ ಮರೆ ಹಿಡಿಯಲ್ಲ.

ಹೆಣೆಯೋದು, ಬಿಗಿ ಮಾಡೋದು

36 ಕಡ್ಡಿಯನ್ನ 9ರ ನಾಲ್ಕು ಗುಂಪು ಮಾಡಿ. ಮೊದಲ ಗುಂಪು ಬಲ ತಟ್ಟೆಯಲ್ಲಿ ಒಂದು ತೂತು ಬಿಟ್ಟು ಒಂದಕ್ಕೆ, ತಲೆ ಹೊರಗೆ. ವಾಲ್ವ್ ಪಕ್ಕದ ತೂತಿನಿಂದ ಶುರು ಮಾಡಿ ರಿಮ್ಮಿನ ಪ್ರತಿ ನಾಲ್ಕನೇ ತೂತಿಗೆ. ಎರಡನೇ ಗುಂಪು ಎಡ ತಟ್ಟೆಯಲ್ಲಿ ಹಾಗೆಯೇ. ಈಗ ಗುಂಬ ತಿರುಗಿಸಿ ಕಡ್ಡಿಗಳನ್ನ ಓರೆ ಮಾಡಿ. ಮೂರನೇ ಗುಂಪು ಬಲ ತಟ್ಟೆಯಲ್ಲಿ ಉಳಿದ ತೂತಿಗೆ, ತಲೆ ಒಳಗೆ, ಎದುರು ದಿಕ್ಕಿಗೆ ಓರೆ. ಎರಡು ಕಡ್ಡಿಯ ಹೊರಗಿನಿಂದ ಹಾಯಿಸಿ, ಮೂರನೇದರ ಒಳಗಿನಿಂದ ನುಸುಳಿಸಿ. ಚಾಪೆ ಹೆಣೆದ ಹಾಗೆ. ನಾಲ್ಕನೇ ಗುಂಪು ಎಡಕ್ಕೆ ಹಾಗೇ. ಮರೆಗೆ ಒಂದು ಹನಿ ಎಣ್ಣೆ ಮರೀಬೇಡಿ.

ನಿಪ್ಪಲ್ ಎಲ್ಲ ಒಂದೇ ಸಮ ತಿರುಗಿಸಿ, ಮರೆ ಮುಚ್ಚೋ ತನಕ. ಟೈರಿನ ಕಡೆಯಿಂದ ನೋಡಿದ್ರೆ ಬಲಕ್ಕೆ ಬಿಗಿ. ಆಮೇಲೆ ಕಾಲು ಸುತ್ತು, ಕಾಲು ಸುತ್ತು. ಅವಸರ ಮಾಡಬೇಡಿ. ಸೈಕಲ್ ತಲೆಕೆಳಗು ಮಾಡಿ ನಿಲ್ಲಿಸಿ, ಫೋರ್ಕಿನ ಎರಡೂ ಕಡೆ ಕೇಬಲ್ ಟೈ ಬಿಗಿದು, ಅದರ ಬಾಲ ರಿಮ್ಮಿಗೆ ತಾಗೋ ಹಾಗೆ ಕತ್ತರಿಸಿ. ಅದೇ ನಿಮ್ಮ ಗೇಜು. ಬಲಕ್ಕೆ ತಾಗಿದ್ರೆ ಎಡದ ಕಡ್ಡಿ ಬಿಗಿ, ಎಡಕ್ಕೆ ತಾಗಿದ್ರೆ ಬಲದ ಕಡ್ಡಿ. 1 ಮಿಲಿಮೀಟರ್ ಒಳಗೆ ಬಂದ್ರೆ ಸಾಕು. ಚಕ್ರವನ್ನ ಎಡ ಬಲ ತಿರುಗಿಸಿ ಹಾಕಿ ನೋಡಿ, ರಿಮ್ಮು ಅದೇ ಜಾಗದಲ್ಲಿ ನಿಂತ್ರೆ ನಡುವಿಗಿದೆ ಅಂತ ಅರ್ಥ.

ಬಿಗಿ ಎಷ್ಟು? ಒಳ್ಳೆ ಡಬಲ್ ವಾಲ್ ರಿಮ್ಮಿನ ಹಿಂದಿನ ಚಕ್ರದಲ್ಲಿ ಬಲಗಡೆ ಪ್ರತಿ ಕಡ್ಡಿಗೆ ಸುಮಾರು 100 ಕೆಜಿ ತೂಗುಬಿಟ್ಟಷ್ಟು ಎಳೆತ. ಎಡಗಡೆ ತಟ್ಟೆ ದೂರ ಇರೋದ್ರಿಂದ ನಾನು ಹೇಳಿದ ಗುಂಬದಲ್ಲಿ 60ರ ಹತ್ತಿರ. ಸಿಂಗಲ್ ವಾಲ್‌ಗೆ ಇಷ್ಟು ಬೇಡ, ತೂತು ಎದ್ದು ಬರುತ್ತೆ. ಮೀಟರ್ ಇಲ್ಲದವರು ಬೆರಳಿಂದ ಮೀಟಿ ಕೇಳಿ. ಭಜನೆಯಲ್ಲಿ ತಂಬೂರಿ ಹಿಡಿದವರಿಗೆ ಗೊತ್ತು. ಒಂದೇ ಕಡೆಯ ಕಡ್ಡಿಗಳು ಒಂದೇ ಶ್ರುತಿ ಕೊಡಬೇಕು. ಮಂದ್ರದಲ್ಲಿ ಬುಸ್ ಅನ್ನೋದು ಸಡಿಲ. ಕೊನೆಗೆ ಪಕ್ಕದ ಜೋಡಿ ಕಡ್ಡಿಗಳನ್ನ ಎರಡೂ ಕೈಯಲ್ಲಿ ಜೋರಾಗಿ ಹಿಂಡಿ, ಪೂರ್ತಿ ಸುತ್ತು. ಟಿಕ್ ಟಿಕ್ ಅಂತ ಕಡ್ಡಿ ತಮ್ಮ ಜಾಗ ಹಿಡಿಯುತ್ತವೆ. ಮತ್ತೆ ಸರಿ ಮಾಡಿ. ಒಂದು ವಾರ ಓಡಿಸಿ ಇನ್ನೊಮ್ಮೆ ನೋಡಿ. ಟರ್ಮಿನಲ್ ಸ್ಕ್ರೂ ಎರಡನೇ ಸಲ ಬಿಗಿ ಮಾಡೋ ಹಾಗೆ, ಇದನ್ನ ಬಿಡಬಾರದು.

ಖರ್ಚಿನ ಲೆಕ್ಕ

ನಾನು ಕೊಟ್ಟದ್ದು ಹೇಳ್ತೀನಿ, ಅಂಗಡಿಯಿಂದ ಅಂಗಡಿಗೆ ಹೆಚ್ಚು ಕಮ್ಮಿ ಇರುತ್ತೆ. ಡಬಲ್ ವಾಲ್ ರಿಮ್ಮು 45 ದಿರ್ಹಮ್, ಸ್ಟೇನ್‌ಲೆಸ್ ಕಡ್ಡಿ ನಿಪ್ಪಲ್ ಸೇರಿ 36, ಕಡ್ಡಿ ಚಾವಿ 10. ಒಟ್ಟು 91. ಅಗ್ಗದ ರೆಡಿ ಚಕ್ರ 70ಕ್ಕೆ ಸಿಕ್ಕಿತ್ತು. 21 ದಿರ್ಹಮ್ ಜಾಸ್ತಿ ಆಯ್ತಲ್ಲ ಅಂತೀರಿ. ಚಾವಿ ಒಂದೇ ಸಲದ ಖರ್ಚು, ಬ್ಲಾಕಿಗೆಲ್ಲ ಒಂದೇ ಸಾಕು. ಆ ರೆಡಿ ಚಕ್ರಗಳು ನಮ್ಮ ಬ್ಲಾಕಿನಲ್ಲಿ ವರ್ಷಕ್ಕೆ ಎರಡಾದ್ರೂ ಬೇಕಾಗ್ತಿದ್ವು. ನಾನು ಕಟ್ಟಿದ್ದು ಎರಡನೇ ವರ್ಷ ಓಡ್ತಿದೆ. ಇನ್ನು ರೆಡಿ ಚಕ್ರವೇ ತಂದವರೂ ಮೊದಲ ದಿನವೇ ಕಡ್ಡಿಗಳನ್ನ ಮೀಟಿ, ಬಿಗಿ ಮಾಡಿ ಓಡಿಸಿ. ಅದರ ಆಯಸ್ಸೂ ಹೆಚ್ಚುತ್ತೆ.

ಚಕ್ರ ಗಟ್ಟಿ ಆಯ್ತು ಅಂತ ಎಲ್ಲೆಂದರಲ್ಲಿ ಓಡಿಸಬೇಡಿ. ದುಬೈಯಲ್ಲಿ 60 ಕಿಲೋಮೀಟರಿಗಿಂತ ಹೆಚ್ಚು ವೇಗಮಿತಿಯ ರಸ್ತೆಗೆ ಸೈಕಲ್ ಇಳಿಸೋ ಹಾಗಿಲ್ಲ, ದಂಡ ಬೀಳುತ್ತೆ. ಹೆಲ್ಮೆಟ್, ಮಿನುಗೋ ಜಾಕೆಟ್, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಬೇಕು. ಸೈಟಿನ ಜಾಕೆಟ್ ಹೇಗೂ ಇರುತ್ತೆ, ಹಾಕ್ಕೊಂಡೇ ಹೊರಡಿ.

ಊರಲ್ಲಿ ಸರ್ಕಾರ 2006-07ರಿಂದ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ನನ್ನ ತಂಗಿಗೂ ಬಂದಿತ್ತು. ಎಷ್ಟೋ ಮನೆಯಲ್ಲಿ ಅಂಥ ಸೈಕಲ್ ನಾಲ್ಕು ಕಡ್ಡಿ ಮುರಿದಿದ್ದಕ್ಕೆ ಹಿತ್ತಲು ಸೇರಿದೆ. ರಜೆಗೆ ಹೋದಾಗ ಚಾಕೊಲೇಟ್ ಜೊತೆ ಒಂದು ಕಡ್ಡಿ ಚಾವಿಯನ್ನೂ ಬ್ಯಾಗಿನಲ್ಲಿ ಹಾಕ್ಕೊಳ್ಳಿ. ಮನೆ ಹುಡುಗರನ್ನ ಕೂರಿಸಿಕೊಂಡು ಒಂದು ಚಕ್ರ ಕಟ್ಟಿ ತೋರಿಸಿ, ಅರ್ಧ ದಿನದಲ್ಲಿ ಕಲೀತಾರೆ.

ಇಲ್ಲಿ ಕಲಿಯೋಕೆ ಮನಸ್ಸಿರೋರು ಭಾನುವಾರ ಸಂಜೆ ಹಳೆ ಚಕ್ರ ಒಂದು ತಗೊಂಡು ಬನ್ನಿ, ನಮ್ಮ ಬ್ಲಾಕಿನ ಮುಂದೆ ಕೂರೋಣ. ಚಹಾ ನನ್ನದು. ನಾಳೆ ಬೆಳಗ್ಗೆ ಸೈಕಲ್ ಹತ್ತೋ ಮುಂಚೆ ಮಾತ್ರ ಎಲ್ಲರೂ ಒಂದು ಕೆಲಸ ಮಾಡಿ: ಎರಡೂ ಚಕ್ರದ ಕಡ್ಡಿ ಮೀಟಿ ನೋಡಿ, ಮುರಿದದ್ದು ಎಣಿಸಿ. ಮುಂದಿನ ಚಕ್ರದಲ್ಲಿ ಒಂದಾದ್ರೂ ಇಲ್ಲ ಅಂದ್ರೆ ಅವತ್ತು ನಡಕೊಂಡೇ ಹೋಗಿ.